ಎರಡು ಕಾಲೇಜುಗಳ ನಡುವಿನ ನಾಲ್ಕು ತಿಂಗಳು

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಧಾರವಾಡದ ಬಸ್ ನಿಲ್ದಾಣದಲ್ಲಿ, ಭಾಲ್ಕಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟ. ಡಬ್ಬಿಗೆ ಹಳೇ ಸೀರೆಯ ತುಂಡು ಸುತ್ತಿ, ಗಂಟಿಗೆ ನನ್ನ ಹೆಸರು ಬರೆದ ಚೀಟಿ ಸಿಕ್ಕಿಸಿತ್ತು. ಕಳಿಸಿದವಳು ನನ್ನ ಗೆಳತಿ ಸಂಗೀತಾ. ಹತ್ತೂವರೆಗೆ ನನ್ನದೊಂದು ಕೇಸಿತ್ತು, ಅವಸರದಲ್ಲಿದ್ದೆ. ಆದರೂ ಆಟೋದಲ್ಲಿ ಕೂತ ಮೇಲೆ ಮನಸ್ಸು ತಡೆಯದೆ ಮುಚ್ಚಳ ಸಡಿಲಿಸಿದೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯಸೊಪ್ಪು, ಎಳೆ ಬೆಳ್ಳುಳ್ಳಿ ಎಲ್ಲ ಸೇರಿ ಮಜ್ಜಿಗೆಯಲ್ಲಿ, ಕಡಲೆಹಿಟ್ಟಿನಲ್ಲಿ ಕುದಿದ ಹುಳಿ ವಾಸನೆ ಆಟೋ ತುಂಬ ಹರಡಿತು. ಬೀದರ್ ಸೀಮೆಯವರು ಇದಕ್ಕೆ ಭಜ್ಜಿ ಎನ್ನುತ್ತಾರೆ. ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಗೆ, ಹೊಲದಲ್ಲಿ ಕೂತು ಉಣ್ಣುವ ಅಡುಗೆ ಇದು.

"ಏನ್ ಬುತ್ತಿ ಐತ್ರಿ ಅಕ್ಕಾರ, ಭಾರಿ ವಾಸನಿ ಬಂತಲ್ಲ" ಎಂದ ಆಟೋದವನು. ಕಪ್ಪು ಕೋಟು ಹಾಕಿಕೊಂಡ ವಕೀಲೆ ಊಟದ ಡಬ್ಬಿ ಹಿಡಿದು ಅಳುವುದನ್ನು ಅವನು ಕನ್ನಡಿಯಲ್ಲಿ ನೋಡಬಾರದೆಂದು ಮುಖ ಹೊರಗೆ ಹಾಕಿ ಕೂತೆ.

ನಾನು ಕಾನೂನು ಓದಿದ್ದು ಎರಡು ಕಾಲೇಜುಗಳಲ್ಲಿ. ಮೊದಲ ಎರಡು ವರ್ಷ ತುಮಕೂರು, ಕೊನೆಯ ಒಂದು ವರ್ಷ ಬೀದರ್. ಇವೆರಡರ ನಡುವೆ ನಾಲ್ಕು ತಿಂಗಳು ನಾನು ಯಾವ ಕಾಲೇಜಿನವಳೂ ಆಗಿರಲಿಲ್ಲ. ತ್ರಿಶಂಕುವಿಗಾದರೂ ಒಂದು ಸ್ವರ್ಗ ಕಟ್ಟಿಕೊಟ್ಟರು, ನನಗೆ ಹಿಂದಿನ ಬೆಂಚಿನ ಒಂದು ಮೂಲೆ ಸಿಕ್ಕಿತ್ತು, ಅಷ್ಟೇ. ಆ ನಾಲ್ಕು ತಿಂಗಳ ಬಗ್ಗೆ ಆಗ ನಾನು ಮಾಡದ ಗೊಣಗಾಟವಿಲ್ಲ. ಈಗ ಹಿಂತಿರುಗಿ ನೋಡಿದರೆ ನನ್ನ ಇಡೀ ಓದಿನಲ್ಲಿ ನೆನಪಿರುವುದು ಆ ನಾಲ್ಕು ತಿಂಗಳಲ್ಲಿ ಕಲಿತದ್ದೇ.

ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ನಮ್ಮ ಮನೆಯವರು, ಹರೀಶ, ದನದ ಡಾಕ್ಟರು. ಮದುವೆಯಾಗಿ ಎರಡು ತಿಂಗಳಿಗೆ ಅವರಿಗೆ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಎಕಂಬಾದ ಪಶು ಆಸ್ಪತ್ರೆಗೆ ಆರ್ಡರ್ ಬಂತು, ಔರಾದಿನಲ್ಲಿ ಬಾಡಿಗೆ ಮನೆ ಗೊತ್ತಾಯಿತು. ಮದುವೆ ಮಾತುಕತೆಯಲ್ಲಿ ನಾನಿಟ್ಟಿದ್ದ ಷರತ್ತು ಒಂದೇ: ಕೊನೆಯ ವರ್ಷದ ಓದು ನಿಲ್ಲಬಾರದು. ಅವರು ಒಪ್ಪಿದ್ದರು, ಅತ್ತೆ ಮಾವನೂ ಒಪ್ಪಿದ್ದರು. ಆದರೆ ನನ್ನ ದೊಡ್ಡಪ್ಪ ಒಬ್ಬರು, "ಅಷ್ಟು ದೂರ ಹೋದ ಮೇಲೆ ಇನ್ನೆಲ್ಲಿ ಓದು, ಬಿಡಮ್ಮ" ಎಂದು ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ಮರುದಿನವೇ ತುಮಕೂರಿನ ಕಾಲೇಜಿಗೆ ಹೋಗಿ ಟಿ.ಸಿ. ಕೇಳಿದೆ. ಅಲ್ಲಿನ ಗುಮಾಸ್ತರು ಪಾಪ ಎರಡೆರಡು ಸಲ ಕೇಳಿದರು, "ಯೂನಿವರ್ಸಿಟಿ ಪರ್ಮಿಷನ್ ಬಂತಾಮ್ಮ?" ಎಂದು. "ಎಲ್ಲಾ ಆಗುತ್ತೆ, ನೀವು ಕೊಡಿ" ಎಂದು ದಬಾಯಿಸಿ ಇಸಿದುಕೊಂಡು ಬಂದೆ. ಕಾಲೇಜು ಬದಲಿಸಬೇಕಾದರೆ ಮೊದಲು ಎರಡೂ ಕಾಲೇಜುಗಳ ಒಪ್ಪಿಗೆ, ಆಮೇಲೆ ವಿಶ್ವವಿದ್ಯಾಲಯದ ಪರವಾನಗಿ, ಕೊನೆಗೆ ಟಿ.ಸಿ. ಇದು ನಿಯಮ. ನಾನು ಬಾಲದಿಂದ ಹತ್ತಿದ್ದೆ.

ಬೀದರಿನ ಕಾಲೇಜಿನಲ್ಲಿ ಇದನ್ನು ಕಂಡುಹಿಡಿದವರು ಕಚೇರಿಯ ಸೂಪರಿಂಟೆಂಡೆಂಟ್ ವೈಜಿನಾಥ ಸರ್. ಐವತ್ತು ದಾಟಿದ ಸಣಕಲು ಆಳು, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೊರಳಿಗೆ ದಾರದಲ್ಲಿ ತೂಗುವ ಕನ್ನಡಕ. ಆಗಸ್ಟ್ ಮಳೆ. ಔರಾದಿನ ಕರಿಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಬೀದರಿನ ಕೆಂಪು ನೀರು ತುಳಿದು ಬಂದಿದ್ದೆ, ಕಚೇರಿಯ ನೆಲದ ಮೇಲೆ ಎರಡೂ ಬಣ್ಣದ ಹೆಜ್ಜೆ ಮೂಡಿದ್ದವು. ಅವರು ಹೆಜ್ಜೆ ನೋಡಿದರು, ಕಾಗದ ನೋಡಿದರು, ಕನ್ನಡಕ ಇಳಿಸಿದರು.

"ಟಿ.ಸಿ. ಮೊದಲ ತಗೊಂಡು ಬಂದೀರಿ, ಪರವಾನಗಿ ಇನ್ನಾ ಆಗಿಲ್ಲ. ಉಲ್ಟಾ ಆಯ್ತಲ್ರೀ ತಾಯಿ."

"ಅದಕ್ಕೇನಂತೆ ಸರ್, ಈಗ ಅರ್ಜಿ ಹಾಕಿದರಾಯ್ತು."

"ಹಾಕೋಣ್ರಿ. ಆದ್ರ ಈಗ ನೀವು ಅಲ್ಲಿಯವ್ರೂ ಅಲ್ಲ, ಇಲ್ಲಿಯವ್ರೂ ಅಲ್ಲ. ಅಲ್ಲಿ ನಿಮ್ಮ ಹೆಸರು ಹೊಡದಾರ. ಇಲ್ಲಿ ಬರೀಲಾಕ ನನಗ ಅಧಿಕಾರ ಇಲ್ಲ. ನಾಳಿ ವಕೀಲರಾಗೋರು ನೀವು, ನಿಯಮ ಒಂದಿಷ್ಟು ಓದಬೇಕಿತ್ತಲ್ರೀ?"

ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ದಿನ ನನ್ನ ಹತ್ತಿರ ಇದ್ದದ್ದು ಒಕ್ಕಾಲು ಮಾತ್ರ. ಈಗ ತುಮಕೂರಿನವರು ಟಿ.ಸಿ. ವಾಪಸು ಪಡೆದು, ನನ್ನ ಹೆಸರು ಮತ್ತೆ ಸೇರಿಸಿ, ಒಪ್ಪಿಗೆ ಪತ್ರ ಕೊಡಬೇಕು. ಅದು ಬಂದ ಮೇಲೆ ಬೀದರಿನವರು ಒಪ್ಪಿಗೆ ಬರೆಯಬೇಕು. ಎರಡೂ ಸೇರಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಷ್ಟರಲ್ಲಿ ಪಾಠ ಶುರುವಾಗಿರುತ್ತದೆ, ಹಾಜರಾತಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ತಪ್ಪಿದರೆ ವರ್ಷ ಹೋಯಿತು. ದೊಡ್ಡಪ್ಪನ ನಗು ಕಿವಿಯಲ್ಲಿ ಕೇಳಿಸಿತು. ಪ್ರಾಂಶುಪಾಲರು ಒಳ್ಳೆಯವರು, "ಪರವಾನಗಿ ಬರೋತನಕ ಹಿಂದ ಕುಂತು ಪಾಠ ಕೇಳ್ಲಿ" ಎಂದರು. ಹೊರಗೆ ಬಂದಾಗ ವೈಜಿನಾಥ ಸರ್ ಒಂದು ದಪ್ಪ ವಹಿ ಹಿಡಿದು ನಿಂತಿದ್ದರು.

ಅದು ಹೊರಗಿನಿಂದ ಬಂದವರ ವಹಿ. ಪುಸ್ತಕದ ಕಂಪನಿಯ ಏಜೆಂಟರು, ಮೀಟರ್ ನೋಡುವವರು, ನಳ ರಿಪೇರಿಯವರು ಸಹಿ ಮಾಡುವ ವಹಿ. ಹೆಸರು, ಯಾವ ಊರು, ಯಾರನ್ನು ನೋಡಬೇಕು, ಏನು ಕೆಲಸ, ಬಂದ ಹೊತ್ತು, ಹೋದ ಹೊತ್ತು.

"ದಿನಾ ಇದರಾಗ ಸಹಿ ಮಾಡೇ ಒಳಗ ಹೋಗ್ರಿ. ಹೋಗೋಮುಂದೂ ಮಾಡ್ರಿ."

"ನಾನೇನು ನೋಡೋಕೆ ಬಂದವಳಾ ಸರ್? ನಾನು ಸ್ಟೂಡೆಂಟು."

"ಕಾಗದದಾಗ ಇನ್ನಾ ಅಲ್ರಿ" ಎಂದು ಪೆನ್ನು ಮುಂದೆ ಚಾಚಿದರು.

ಅವಮಾನವಾಯಿತು. ಏನು ಕೆಲಸ ಎಂಬ ಕಾಲಮಿನಲ್ಲಿ 'ಕಲಿಯಲು' ಎಂದು ಹಾಳೆ ಹರಿಯುವಂತೆ ಒತ್ತಿ ಬರೆದೆ. ಮೇಲಿನ ಸಾಲಿನಲ್ಲಿ ಯಾರೋ 'ನೀರಿನ ಟಾಕಿ ತೊಳೆಯಲು' ಎಂದು ಬರೆದಿದ್ದರು.

ದಿನವೂ ಏಳೂವರೆಗೆ ಔರಾದಿನಿಂದ ಬಸ್ಸು. ಕಿಟಕಿಯ ಆಚೆ ಹೆಸರು, ಉದ್ದು, ಸೋಯಾ, ತೊಗರಿಯ ಹೊಲಗಳು. ಗಣಪತಿ ಹಬ್ಬದ ಹೊತ್ತಿಗೆ ಹೆಸರು ಬಿಡಿಸಿದರು, ದಸರೆ ಕಳೆಯುತ್ತಲೇ ಸೋಯಾ ರಾಶಿ ಮಾಡಿದರು. ತೊಗರಿ ಮಾತ್ರ ಹಾಗೇ ನಿಂತು ಹಳದಿ ಹೂ ಬಿಟ್ಟು, ಕಾಯಿ ಕಟ್ಟಿ, ನನ್ನ ಹಾಗೆ ಡಿಸೆಂಬರಿಗೆ ಕಾಯುತ್ತಿತ್ತು. ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆ. ಅಪ್ಪ ಮರಾಠಿಯಲ್ಲಿ ಬೈದರೆ ಮಗಳು ಕನ್ನಡದಲ್ಲಿ ತಿರುಗಿ ಬೈಯುವುದು, ಕಂಡಕ್ಟರ್ ಇಬ್ಬರಿಗೂ ದಖನಿ ಉರ್ದುವಿನಲ್ಲಿ ಬುದ್ಧಿ ಹೇಳುವುದು. ಮೂರೂ ಅರ್ಧರ್ಧ ತಿಳಿದು ನಾನು ಒಬ್ಬಳೇ ನಗುತ್ತಿದ್ದೆ.

ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ಭಾಲ್ಕಿಯ ಸಂಗೀತಾ. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಎರಡನೆಯ ದಿನವೇ ತನ್ನ ಬುತ್ತಿಯಿಂದ ಜೋಳದ ರೊಟ್ಟಿ ಮುರಿದು ನನ್ನ ಮುಂದೆ ಇಟ್ಟಳು.

"ತಗೋರಿ. ನಮ್ಮವ್ವ ನಿಮ್ಮ ಸಲುವಾಗೇ ಒಂದ್ ಹೆಚ್ಚಿಗಿ ಕಟ್ಟ್ಯಾಳ."

"ಬೇಡ, ನಂದು ಆಗಿದೆ" ಎಂದೆ. ಆಗಿರಲಿಲ್ಲ.

ನನ್ನ ಸ್ವಭಾವವೇ ಹಾಗಿತ್ತು. ಕೈ ಚಾಚಿದವರನ್ನು ಕಂಡರೆ ಒಂದು ಹೆಜ್ಜೆ ಹಿಂದೆ. ಇವತ್ತು ಇವರ ಮನೆಗೆ ಹೋಗಿ ಉಂಡು, ನಾಳೆ ಪರವಾನಗಿ ಬಾರದೆ ಗಂಟುಮೂಟೆ ಕಟ್ಟಿದರೆ ಯಾವ ಮುಖ ತೋರಿಸಲಿ ಎಂಬ ಲೆಕ್ಕಾಚಾರ. ಔರಾದಿನಲ್ಲಿ ನಮ್ಮ ಮನೆಯ ಒಡತಿ ಶಾಂತಾಬಾಯಿ ಪಂಚಮಿಗೆ ಉಂಡಿ ತಿನ್ನಲು ಕರೆದರು, ದೀಪಾವಳಿಗೆ ಆರತಿಗೆ ಕರೆದರು. ಪ್ರತಿ ಸಲವೂ ನನ್ನದು ಒಂದೇ ಉತ್ತರ: "ಟ್ರಾನ್ಸ್‌ಫರ್ ಆಗಲಿ, ಆಮೇಲೆ ಬರ್ತೀನಿ." ಹರೀಶ ಮಾತ್ರ ಕರೆದಲ್ಲೆಲ್ಲ ಹೋಗಿ ಉಂಡು ಬರುತ್ತಿದ್ದರು. "ನಿನಗೆ ಬೇಕಾದ ಪರವಾನಗಿ ಕೊಡೋದು ಯೂನಿವರ್ಸಿಟಿ ಅಲ್ಲ ಕಣೆ" ಎಂದು ಒಮ್ಮೆ ರೇಗಿಸಿದರು. ಎರಡು ದಿನ ಮಾತು ಬಿಟ್ಟೆ.

ಅಕ್ಟೋಬರಿನಲ್ಲಿ ಕೋರ್ಟಿನ ಕಲಾಪ ನೋಡಿ ಡೈರಿ ಬರೆಯಲು ಭಾಲ್ಕಿಗೆ ಹೋಗಿದ್ದೆವು. ಹೊಲದ ದಾರಿಯ ಜಗಳ. ಸಾಕ್ಷಿ ಹೇಳಲು ಬಂದ ಮುದುಕಿ ಕನ್ನಡದಲ್ಲಿ ಶುರುಮಾಡಿ, ಸಿಟ್ಟೇರಿದಂತೆ ಮರಾಠಿಗೆ ಹೊರಳಿ, ಕೊನೆಗೆ ಎದುರಾಳಿಯ ಮುತ್ತಜ್ಜನ ತನಕ ಹೋದಳು. ನನ್ನ ಪೆನ್ನು ನಿಂತಿತು. ಸಂಗೀತಾ ಸದ್ದಿಲ್ಲದೆ ನನ್ನ ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡು, ಮುದುಕಿಯ ಒಂದೊಂದು ಮಾತನ್ನೂ ಕನ್ನಡದಲ್ಲಿ ಬರೆದು ಕೊಟ್ಟಳು. ತನ್ನ ಡೈರಿಯನ್ನು ಆಮೇಲೆ ನೆನಪಿನಿಂದ ತುಂಬಿಸಿದಳು. ಕೋರ್ಟಿನಿಂದ ಅವಳ ಮನೆ ಐದು ನಿಮಿಷದ ದಾರಿ, ತಾಯಿ ಅಡುಗೆ ಮಾಡಿಟ್ಟು ಕಾಯುತ್ತಿದ್ದರು. ನಾನು ಬಸ್ಸಿನ ನೆಪ ಹೇಳಿ ನಿಲ್ದಾಣಕ್ಕೆ ನಡೆದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎರಡೂ ಕಾಲೇಜುಗಳ ಒಪ್ಪಿಗೆ ಸೇರಿ ಅರ್ಜಿ ಹೋದ ಮೇಲೆ, ನವೆಂಬರಿನಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಪರವಾನಗಿಯಲ್ಲ, ಪ್ರಶ್ನೆ. ಅರ್ಜಿದಾರಳು ಸೆಮಿಸ್ಟರ್ ಆರಂಭದಿಂದ ತರಗತಿಗೆ ಬಂದಿದ್ದಕ್ಕೆ ದಾಖಲೆ ಏನಿದೆ, ಕಳಿಸಿ. ದಾಖಲೆ ಎಲ್ಲಿಂದ ತರಲಿ? ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಕಚೇರಿಯ ಬಾಗಿಲಲ್ಲಿ ನಿಂತು ಪತ್ರ ಓದಿ ಬೆಂಚಿನ ಮೇಲೆ ಕೂತೆ. ಮುಗಿಯಿತು ಅಂದುಕೊಂಡೆ.

ವೈಜಿನಾಥ ಸರ್ ಕಪಾಟಿನಿಂದ ಆ ದಪ್ಪ ವಹಿ ತೆಗೆದು ಮೇಜಿನ ಮೇಲಿಟ್ಟರು.

"ಯಾಕ ಪರೇಶಾನ್ ಆಗ್ತೀರಿ? ದಿನಾ ನನಗ ಮನಸಿನಾಗ ಬೈಕೋತ ಸಹಿ ಮಾಡ್ತಿದ್ರಲ್ಲ. ಇದರಾಗ ನಿಮ್ಮ ಸಹಿ ಅದ, ಹೊತ್ತು ಅದ, ಕಲೀಲಾಕ ಬಂದೇನಿ ಅಂತ ನಿಮ್ಮ ಕೈಯಾಗಿನ ಬರಹ ಅದ. ಇದಕ್ಕಿಂತ ದಾಖಲಿ ಏನ್ ಬೇಕ್ರಿ ಅವರಿಗಿ?"

ಒಂದೊಂದು ಪುಟವನ್ನೂ ತಾವೇ ಝೆರಾಕ್ಸ್ ಮಾಡಿ, ಪ್ರಾಂಶುಪಾಲರ ಸಹಿ ಮತ್ತು ಮೊಹರು ಹಾಕಿಸಿ, ದಾರ ಪೋಣಿಸಿ ಕಟ್ಟಿದರು. ಸಾಕ್ಷ್ಯ ಅಧಿನಿಯಮವನ್ನು ನಾನು ತುಮಕೂರಿನಲ್ಲಿ ಓದಿ ಒಳ್ಳೆ ಅಂಕ ತೆಗೆದಿದ್ದೆ. ಸಾಕ್ಷ್ಯ ಅಂದರೆ ಏನೆಂದು ತಿಳಿದದ್ದು ಆ ಮಧ್ಯಾಹ್ನ. ಬೈದುಕೊಂಡದ್ದಕ್ಕೆ ಕ್ಷಮೆ ಕೇಳಬೇಕಿತ್ತು. "ಥ್ಯಾಂಕ್ಸ್ ಸರ್" ಎಂದಷ್ಟೇ ಹೇಳಿ ಓಡಿಬಂದೆ.

ಡಿಸೆಂಬರ್ ಚಳಿ. ಬೀದರಿನ ಚಳಿ ತುಮಕೂರಿನವರಿಗೆ ತಮಾಷೆಯಲ್ಲ, ಶಾಲು ಹೊದ್ದು ಪಾಠ ಕೇಳುತ್ತಿದ್ದೆವು. ಕೊನೆಗೂ ಒಂದು ಮಧ್ಯಾಹ್ನ ಪರವಾನಗಿ ಬಂತು, ಹಾಜರಾತಿಯನ್ನೂ ಪರಿಗಣಿಸುವುದಾಗಿ ಬರೆದಿದ್ದರು. ಸಂಗೀತಾ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಆದರೆ ಪರೀಕ್ಷೆಯ ಅರ್ಜಿಯನ್ನು ಕಚೇರಿಯಿಂದ ಅಪ್‌ಲೋಡ್ ಮಾಡಿಸಲು ಉಳಿದದ್ದು ಮರುದಿನ ಒಂದೇ, ಸಂಜೆ ಐದರ ತನಕ. ಅರ್ಜಿ ಮುದ್ರಿಸಿ, ಮತ್ತೊಂದು ಸಲ ಓದಿ ಫೈಲಿಗೆ ಹಾಕಿಕೊಂಡು, ಅಂಟಿಸುವ ಫೋಟೋ ಮನೆಯಲ್ಲಿದ್ದುದರಿಂದ ನಾಲ್ಕರ ಬಸ್ಸಿಗೆ ಔರಾದಿಗೆ ಹೋದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕೊಡುವುದೆಂದು ಯೋಚನೆ. ಮರುದಿನ ಎಳ್ಳ ಅಮಾವಾಸ್ಯೆ ಎಂಬುದು ನನಗೆ ಗೊತ್ತಿತ್ತು, ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣ ಇಲ್ಲದ್ದರಿಂದ ಅದೇನು ದೊಡ್ಡ ಸಂಗತಿ ಎಂದು ಅನ್ನಿಸಿರಲಿಲ್ಲ. ತುಮಕೂರಿನವಳು ಮಾಡಬಹುದಾದ ತಪ್ಪು ಅದು.

ಬೆಳಿಗ್ಗೆ ಶಾಂತಾಬಾಯಿ ಬಾಗಿಲಿಗೆ ಬಂದರು. ತಲೆಯ ಮೇಲೆ ಬುತ್ತಿಯ ಬುಟ್ಟಿ, ಮೈಮೇಲೆ ಹೊಸ ಸೀರೆ. ಹರೀಶ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದರು, ನಾನು ಒಬ್ಬಳೇ; ಹಿಂದಿನ ದಿನ ವೈಜಿನಾಥ ಸರ್ ಕೇಳಿದಾಗಲೂ ಅದನ್ನೇ ಹೇಳಿದ್ದೆ.

"ನಡಿರಿ ಹೊಲಕ್ಕ. ಇವತ್ತ ಮನ್ಯಾಗ ಯಾರ್ ಇರ್ತಾರ?"

"ಇಲ್ಲ ಬಾಯಿ, ಇವತ್ತು ಕಾಲೇಜಿನಲ್ಲಿ ತುಂಬ ಮುಖ್ಯ ಕೆಲಸ ಇದೆ."

ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಕಾಲೇಜಿನಾಗ?" ಎಂದರು. ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಮತ್ತು ನಾನು. ಬೀದರ್ ತಲುಪಿದರೆ ಬಂದ್ ಕರೆ ಕೊಟ್ಟ ಹಾಗೆ ಅಂಗಡಿಗಳೆಲ್ಲ ಮುಚ್ಚಿವೆ, ರಸ್ತೆಯಲ್ಲಿ ನಾಯಿಗಳಷ್ಟೇ. ಕಾಲೇಜಿನ ವರಾಂಡದ ಗ್ರಿಲ್ಲಿಗೆ ಬೀಗ. ಕಾವಲಿನ ಮುದುಕ ಬಿಸಿಲು ಕಾಯಿಸುತ್ತ ಕೂತಿದ್ದ.

"ಯಾರೂ ಬರಂಗಿಲ್ರಿ. ಎಲ್ಲಾರು ಹೊಲಕ್ಕ ಹೋಗ್ಯಾರ. ನಾನೂ ಈಗ ಹೊಂಟೇನಿ."

ವೈಜಿನಾಥ ಸರ್‌ಗೆ ಫೋನ್ ಮಾಡಿದೆ. ಆ ಕಡೆ ಎತ್ತಿನ ಗಂಟೆ, ಹೆಂಗಸರ ನಗು.

"ಸರ್, ಇವತ್ತು ಕೊನೇ ದಿನ! ಕಾಲೇಜಿಗೆ ಬೀಗ ಹಾಕಿದೆ!"

"ಕಾಗದ ಎಲ್ಲಾ ಬರೋಬರ್ ತಂದೀರೇನ್ರಿ?"

"ತಂದಿದೀನಿ ಸರ್."

"ಹಂಗಾದ್ರ ಹಲಬರ್ಗಾಕ್ಕ ಬರ್ರಿ, ನಮ್ಮ ಹೊಲಕ್ಕ. ಭಾಲ್ಕಿ ಬಸ್ ಹತ್ರಿ. ಇಳದು ಯಾರಿಗಿ ಕೇಳಿದ್ರೂ ತೋರಸ್ತಾರ." ಫೋನ್ ಇಟ್ಟರು.

ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಹಲಬರ್ಗಾದಲ್ಲಿ ಇಳಿದಾಗ ಹನ್ನೆರಡು. ಅಲ್ಲಿಂದ ಹೊಲಕ್ಕೆ ಬಂಡಿದಾರಿಯಲ್ಲಿ ಇಪ್ಪತ್ತು ನಿಮಿಷ ಸಾಕೆಂದು ಒಬ್ಬರು ಹೇಳಿದರು. ನನಗೆ ಒಂದು ಗಂಟೆ ಹಿಡಿಯಿತು. ಊರಿಗೆ ಊರೇ ಹೊಲದಲ್ಲಿತ್ತು. ಮೊದಲ ಹೊಲದಲ್ಲೇ ಒಬ್ಬ ಅಜ್ಜಿ ದಾರಿಗೆ ಅಡ್ಡ ಬಂದಳು.

"ಅವ್ವಾ, ಹಂಗೇ ಹೋಗಬ್ಯಾಡ. ಎಳ್ಳಮಾಸಿ ದಿನ ಹೊಲದ ಮುಂದ ಬಂದವ್ರಿಗಿ ಬರಿಹೊಟ್ಟ್ಯಾಗ ಕಳಸಬಾರ್ದು."

"ಅಜ್ಜಿ, ನನಗೆ ತುಂಬ ಅರ್ಜೆಂಟು."

"ಅಂಬಲಿ ಕುಡೀಲಾಕ ಏನ್ ಹೊತ್ತಾಗ್ತದ?"

ಒಂದು ಲೋಟ ಅಂಬಲಿ ಗಟಗಟ ಕುಡಿದು ಓಡಿದೆ. ಮುಂದಿನ ಹೊಲದಲ್ಲಿ ಇನ್ನೊಂದು ಲೋಟ. ಅದರಾಚೆ ಮೂವರು ಹೆಂಗಸರು ಕೈ ಹಿಡಿದು ಕೂರಿಸಿಯೇಬಿಟ್ಟರು, ಸಜ್ಜೆ ರೊಟ್ಟಿ, ಭಜ್ಜಿ. ಬೇಡವೆಂದರೆ ಹೊಲಕ್ಕೇ ಬೇಡವೆಂದಂತೆ ಎನ್ನುವ ಮುಖ ಮಾಡುತ್ತಾರೆ, ಏನು ಮಾಡಲಿ? ನಾಲ್ಕು ತಿಂಗಳು ಯಾರ ಮನೆಯಲ್ಲೂ ಒಂದು ತುತ್ತು ಮುಟ್ಟದವಳು ಒಂದು ಗಂಟೆಯಲ್ಲಿ ಮೂರು ಹೊಲ ಉಂಡಿದ್ದೆ. ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ದಾರಿಗೆಂದು ತುರುಕಿದ ಎಳ್ಳಿನ ಹೋಳಿಗೆ, ಹೀಗೆ ವೈಜಿನಾಥ ಸರ್ ಹೊಲ ಮುಟ್ಟಿದೆ.

ಜೋಳದ ಒಣ ದಂಟಿನ ಕಣಿಕೆಯಲ್ಲಿ ಕಟ್ಟಿದ ಸಣ್ಣ ಗುಡಿಸಲು. ಅದರ ಮುಂದೆ ಹೆಂಡತಿ, ಸೊಸೆ, ಅಣ್ಣತಮ್ಮಂದಿರು, ಎಂಬತ್ತರ ಆಸುಪಾಸಿನ ತಾಯಿ. ವೈಜಿನಾಥ ಸರ್ ಧೋತರ ಉಟ್ಟು ಬೇರೆಯೇ ಮನುಷ್ಯರಂತೆ ಕಂಡರು. ಕ್ಷಣ ಕೈ ಬಿಡುವಾಗಲೆಂದು ಫೈಲನ್ನು ಗುಡಿಸಲ ಬಾಯಲ್ಲಿದ್ದ, ಸುಣ್ಣ ಬಳಿದ ಐದು ಕಲ್ಲುಗಳ ಮೇಲಿಟ್ಟು ದುಪಟ್ಟಾದಿಂದ ಬೆವರು ಒರೆಸಿಕೊಂಡೆ. ಎಲ್ಲರೂ ಆ ಕಲ್ಲುಗಳತ್ತ ನೋಡಿದರು. ಸೊಸೆ ಬಾಯಿಗೆ ಸೆರಗು ಒತ್ತಿದಳು.

"ಏನಾಯ್ತು?" ಎಂದೆ.

ತಾಯಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಅವು ಪಾಂಡವ್ರು ಅವ್ವಾ. ಪೂಜಿ ಇನ್ನಾ ಆಗಬೇಕು. ಇರ್ಲಿ ತಗೋ, ಐದೂ ಮಂದಿ ತಲಿ ಮ್ಯಾಲ ನಿನ್ನ ಕಾಗದ ಹೊತ್ತಾರ. ಇನ್ನ ಯಾರ್ ನಿನ್ನ ನಪಾಸ್ ಮಾಡ್ತಾರ?"

ಆ ನಗು ಹೊಲ ತುಂಬಿತು. ನಾನು ಕೆಂಪಾಗಿ ಫೈಲು ಎತ್ತಿಕೊಂಡೆ. ಪೂಜೆ ಮಧ್ಯಾಹ್ನದೊಳಗೆ ಆಗಬೇಕಿತ್ತಂತೆ, "ನಿಮ್ಮ ಸಲುವಾಗೇ ನಿಂತೇವ್ರಿ" ಎಂದರು ಅವರ ಹೆಂಡತಿ. ವೈಜಿನಾಥ ಸರ್ ಅರ್ಜಿಯ ಪ್ರತಿ ಸಾಲೂ ಓದಿ, ಬಂಡಿಯ ಮೂಕಿಯ ಮರದ ಮೇಲೆ ಇಟ್ಟು ಸಹಿ ಮಾಡಿ, ಮಡಚದೆ ಫೈಲಿನಲ್ಲೇ ತಮ್ಮ ಚೀಲಕ್ಕೆ ಹಾಕಿದರು.

"ಐದು ಗಂಟೆಯೊಳಗೆ ಅಪ್‌ಲೋಡ್ ಆಗಬೇಕು ಸರ್."

"ಅದರ ಫಿಕರ್ ನನಗ ಬಿಡ್ರಿ. ನೀವು ಕುಂದುರ್ರಿ."

ಕೂತೆ. ಪಾಂಡವರ ಪೂಜೆಯಾಯಿತು. ಭೂಮಿತಾಯಿಗೆಂದು ಹೊಲದ ಸುತ್ತ ಚರಗ ಚೆಲ್ಲುವಾಗ ತಾಯಿ ನನ್ನ ಕೈಗೂ ಒಂದು ಬಟ್ಟಲು ಕೊಟ್ಟರು, ತೊಗರಿ ಸಾಲಿನ ನಡುವೆ ಅವರ ಹಿಂದೆ ಹಿಂದೆ ಹೋಗಿ ನಾನೂ ಅನ್ನ ಚೆಲ್ಲಿದೆ. ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ ಮತ್ತೆ ಉಂಡೆ. ಭಜ್ಜಿಯನ್ನು ಹೊಗಳಿದೆ, ಇನ್ನೆರಡು ಸೌಟು ಬಿತ್ತು. ಸೊಸೆ ಔರಾದ್ ಕಡೆಯವಳೇ, ನಾನು ಎಕಂಬಾದ ದನದ ಡಾಕ್ಟರ ಹೆಂಡತಿ ಎಂದು ತಿಳಿದು ತನ್ನ ತವರಿನ ಎಮ್ಮೆಯ ಕಾಯಿಲೆ ಪೂರ್ತಿ ಹೇಳಿದಳು. ತಾಯಿ ನನ್ನ ತೊಡೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ನಮ್ಮೂರು, ನಮ್ಮಪ್ಪ, ನಮ್ಮ ತೋಟ, ಎಲ್ಲ ಕೇಳಿದರು. ಯಾವ ಕಾಲೇಜು ಎಂದು ಮಾತ್ರ ಕೇಳಲಿಲ್ಲ. ಬಿಸಿಲು ಹಿತವಾಗಿತ್ತು. ಎಷ್ಟೋ ತಿಂಗಳ ಮೇಲೆ ಮೊದಲ ಬಾರಿಗೆ ನಾನು ಏನನ್ನೂ ಕಾಯದೆ ಕೂತಿದ್ದೆ.

ನೆರಳು ಉದ್ದವಾದಾಗ ಎಚ್ಚರವಾಯಿತು. ಗಂಟೆ ನೋಡಿದೆ, ಐದಕ್ಕೆ ಹತ್ತು ನಿಮಿಷ. ವೈಜಿನಾಥ ಸರ್ ಮಾವಿನ ಮರದ ಕೆಳಗೆ ಮುಖದ ಮೇಲೆ ಹೆಗಲ ವಲ್ಲಿ ಹಾಕಿಕೊಂಡು ಮಲಗಿದ್ದರು. ಓಡಿಹೋಗಿ ಎಬ್ಬಿಸಿದೆ.

"ಸರ್, ಫಾರ್ಮ್!"

ಅವರು ವಲ್ಲಿ ಸರಿಸದೆಯೇ, "ಆಗ್ಯದ ಅಂತ ತಿಳೀರಿ" ಎಂದರು. ನಾನು ಉಣ್ಣುವಾಗ ಯಾವಾಗಲೋ ಫೋನಿನಲ್ಲೇ ಮುಗಿಸಿರಬೇಕೆಂದು ತಿಳಿದೆ. ಅವರ ಅಣ್ಣನ ಮಗ ಟ್ರ್ಯಾಕ್ಟರಿನಲ್ಲಿ ಎಲ್ಲರ ಜೊತೆ ನನ್ನನ್ನೂ ಬಸ್ಸಿಗೆ ಬಿಟ್ಟ. ಉಡಿಯಲ್ಲಿ ಸೇರಿನಷ್ಟು ಹಸಿ ಕಡಲೆ.

ಆ ಪರೀಕ್ಷೆ ಬರೆದೆ, ಪಾಸಾದೆ. ಮುಂದಿನ ಸೆಮಿಸ್ಟರಿನಲ್ಲಿ ಹಾಜರಿ ಕೂಗುವಾಗ ಎಲ್ಲರಿಗಿಂತ ಕೊನೆಗೆ ನನ್ನ ಹೆಸರು ಬರುತ್ತಿತ್ತು, ಸಂಗೀತಾ ನನಗಿಂತ ಮೊದಲೇ "ಅದಾರ ಸರ್" ಎನ್ನುತ್ತಿದ್ದಳು. ಸನ್ನದು ಪಡೆದು ಭಾಲ್ಕಿಯಲ್ಲೇ ಮೂರು ವರ್ಷ ಕೋರ್ಟಿಗೆ ಹೋದೆ, ಹರೀಶರಿಗೆ ಧಾರವಾಡಕ್ಕೆ ವರ್ಗವಾಗುವ ತನಕ. ಒಳ್ಳೆಯ ಗುರುಗಳು ಸಿಕ್ಕರು, ಒಳ್ಳೆಯ ಕಕ್ಷಿದಾರರು ಸಿಕ್ಕರು, ಎಲ್ಲರಿಗೂ ನಾನು ಋಣಿ. ಆದರೆ ಆ ಅಮಾವಾಸ್ಯೆಯ ಮರುದಿನದ ಬೆಳಗೊಂದನ್ನು ಹೇಳದೆ ಈ ಬರಹ ಮುಗಿಸಲಾರೆ.

ಹತ್ತಕ್ಕೆ ಕಾಲೇಜಿಗೆ ಹೋದೆ. ವರಾಂಡದ ಗ್ರಿಲ್ಲು ತೆಗೆದಿತ್ತು. ಒಳಗಿನ ಸೂಚನಾ ಫಲಕದಲ್ಲಿ ಹೊಸ ಸುತ್ತೋಲೆ: ಪರೀಕ್ಷಾ ಅರ್ಜಿಯ ಕೊನೆಯ ದಿನವನ್ನು ಒಂದು ವಾರ ಮುಂದೂಡಲಾಗಿದೆ. ಕೆಳಗೆ ವೈಜಿನಾಥ ಸರ್ ಅವರ ಚಿಕ್ಕ ಸಹಿ, ಅದರ ಪಕ್ಕದಲ್ಲಿ ತಾರೀಕು. ಹಬ್ಬದ ಹಿಂದಿನ ದಿನದ್ದು. ನಾನು ನಾಲ್ಕರ ಬಸ್ಸಿಗೆ ಹೋದ ಮೇಲೆ ಬಂದಿರಬೇಕು. ಎರಡು ಸಲ ಓದಿದೆ. ಬಾಗಿಲಲ್ಲಿ ಬೀಗ ನೋಡಿ ಗಾಬರಿಯಾದದ್ದು, ಬಸ್ಸಿಗೆ ಕಾದದ್ದು, ಬಂಡಿದಾರಿಯಲ್ಲಿ ಓಡಿದ್ದು ಎಲ್ಲ ನೆನಪಾಗಿ ಸಿಟ್ಟು ನೆತ್ತಿಗೇರಿತು. ದಡದಡನೆ ಕಚೇರಿಗೆ ನುಗ್ಗಿದೆ. ಅವರು ಕಂಪ್ಯೂಟರ್ ಮುಂದೆ ಕೂತಿದ್ದರು. ಪಕ್ಕದಲ್ಲಿ ನನ್ನ ಫೈಲು ತೆರೆದಿತ್ತು, ನನ್ನದೇ ಅರ್ಜಿ ತುಂಬುತ್ತಿದ್ದರು.

"ಸರ್, ದಿನ ಮುಂದಕ್ಕೆ ಹೋಗಿದ್ದು ಮೊನ್ನೆ ಸಂಜೆಯೇ ಗೊತ್ತಿತ್ತಲ್ವಾ ನಿಮಗೆ?"

"ಗೊತ್ತಿತ್ರಿ."

"ಮತ್ತೆ ನಿನ್ನೆ ಫೋನಿನಲ್ಲಿ ಯಾಕೆ ಹೇಳಲಿಲ್ಲ?"

ವೈಜಿನಾಥ ಸರ್ ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಹೇಳಿದ್ರ ಬರ್ತಿದ್ರೇನ್ರಿ ನೀವು?"

ಆಮೇಲೆ ಎಷ್ಟೋ ಜನರಿಗೆ ಕಟಕಟೆಯಲ್ಲಿ ಪ್ರಶ್ನೆ ಕೇಳಿದ್ದೇನೆ. ನನಗೆ ಯಾರೂ ಅಂಥ ಪ್ರಶ್ನೆ ಕೇಳಿಲ್ಲ.

"ಇಲ್ಲ ಸರ್" ಎಂದೆ ಕೊನೆಗೆ. "ಬರ್ತಿರಲಿಲ್ಲ."

"ಹೊಸದಾಗಿ ಬಂದಾಕಿ, ಮನ್ಯಾಗ ಒಬ್ಬಾಕಿ" ಎಂದರು ಅವರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿ. "ಎಳ್ಳಮಾಸಿ ದಿನ ಒಂದ್ ಹೊಲ ಬೇಕಲ್ರಿ ನಿಮಗ?"